ಕಾಲಿಗೂ ಬೇಕು ಕುದಿ ಕಂಬಳ

ನವೆಂಬರ್ ಬಂತೆಂದರೆ ನಮ್ಮ ದಕ್ಷಿಣ ಕನ್ನಡದ ಕಡೆ ಕಾಲಿಗೆ ಬಿಡುವಿಲ್ಲ. ಧರ್ಮಸ್ಥಳದ ಯಕ್ಷಗಾನ ಮೇಳ, ಕಟೀಲಿನ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ. ಕೋಣ ಓಡಿಸುವ ಕಂಬಳದ ಕೆಸರಿನ ಕರೆಗಳಿಗೆ ನೀರು ಬಿಡುತ್ತಾರೆ: ಬಂಟ್ವಾಳದ ಹೊಕ್ಕಾಡಿಗೋಳಿ, ಬೆಳ್ತಂಗಡಿಯ ವೇಣೂರು, ಮೂಡುಬಿದಿರೆಯ ಕಡಲಕೆರೆ. ಕಾರ್ತಿಕದ ಲಕ್ಷದೀಪೋತ್ಸವಕ್ಕೆ ಉಜಿರೆಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಸಾಗುತ್ತದೆ. ಶಾಲೆ ಕಾಲೇಜುಗಳಲ್ಲಿ ಕ್ರೀಡಾಕೂಟದ ತಯಾರಿ. ಅಡಿಕೆ ತೋಟದಲ್ಲಿ ಕೊಯ್ಲಿನವರು ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟುತ್ತಿರುತ್ತಾರೆ. ಇದೇ ಹೊತ್ತಿಗೆ ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲೋ ಜಾತ್ರೆಯ ಗದ್ದೆಯಲ್ಲೋ ಹಿಮ್ಮಡಿಯ ಹಿಂಭಾಗವನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿಕೊಳ್ಳುವವರು ನನ್ನ ಕಣ್ಣಿಗೆ ಬೀಳತೊಡಗುತ್ತಾರೆ. ಅವರನ್ನು ಕಂಡರೆ ನನಗೆ ಸುಮ್ಮನೆ ಮುಂದೆ ಹೋಗಲಾಗುವುದಿಲ್ಲ. ಆ ನೋವನ್ನು ನಾನೂ ಉಂಡವನು.

ಅದರ ರೀತಿಯೇ ಬೇರೆ. ರಾತ್ರಿ ಮಲಗಿದಾಗ ಏನೂ ಇರುವುದಿಲ್ಲ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ಮೇಲ್ಗಡೆ ಏನೋ ಬಿಗಿದು ಕಟ್ಟಿದ ಹಾಗೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸಡಿಲ. ನಡೆಯುತ್ತಾ ಹೋದರೆ ಮಾಯ. ವಾಸಿಯಾಯಿತು ಅಂದುಕೊಂಡು ದಿನವಿಡೀ ಓಡಾಡಿದರೆ ಮರುದಿನ ಬೆಳಿಗ್ಗೆ ಇಮ್ಮಡಿಯಾಗಿ ಕಾದಿರುತ್ತದೆ. ಮುಟ್ಟಿ ನೋಡಿದರೆ ಆ ಜಾಗ ದಪ್ಪಗಾಗಿರುತ್ತದೆ, ಹಿಚುಕಿದರೆ ಜೀವ ಹೋಗುತ್ತದೆ. ನಮ್ಮವರು ಇದಕ್ಕೆ ‘ನರ ಹಿಡಿದಿದೆ’ ಅನ್ನುತ್ತಾರೆ. ಕೆಲವರು ವಾಯು ಅನ್ನುತ್ತಾರೆ, ಕೆಲವರು ಶೀತ ಅನ್ನುತ್ತಾರೆ. ನೋವಿನ ಎಣ್ಣೆ, ಬಿಸಿನೀರು, ಬ್ಯಾಂಡೇಜು, ಒಂದೆರಡು ಮಾತ್ರೆ, ಕೊನೆಗೆ ವಿಶ್ರಾಂತಿ. ನನಗೂ ಮೊದಲು ಸಿಕ್ಕ ಸಲಹೆ ಅದೇ: ಕಾಲಿಗೆ ರೆಸ್ಟ್ ಕೊಡಿ, ತನ್ನಿಂದ ತಾನೇ ಹೋಗುತ್ತದೆ. ರೆಸ್ಟ್ ಕೊಟ್ಟಾಗ ಹೋಯಿತು ಕೂಡ. ನೇತ್ರಾವತಿಯ ದಂಡೆಯಲ್ಲಿ ಬೆಳಗಿನ ನಡಿಗೆ ಮತ್ತೆ ಶುರು ಮಾಡಿದ ವಾರದಲ್ಲೇ ಹೋದದ್ದು ಮರಳಿ ಬಂತು.

ಯಾಕೆ ಹೀಗೆ ಎಂದು ತಿಳಿದುಕೊಳ್ಳಲು ಹೊರಟವನಿಗೆ ಹಿಮ್ಮಡಿಯ ಹಿಂದಿರುವ ಸ್ನಾಯುರಜ್ಜುವಿನ ಮೇಲೆ ಒಂದು ಬಗೆಯ ಗೌರವ ಹುಟ್ಟಿತು. ವೈದ್ಯರ ಬಾಯಲ್ಲಿ ಇದು ಅಕಿಲಿಸ್ ಟೆಂಡನ್. ಮೀನಖಂಡದ ಎರಡು ದೊಡ್ಡ ಸ್ನಾಯುಗಳು ಕೆಳಗಿಳಿಯುತ್ತಾ ಒಂದಾಗಿ, ಸುಮಾರು 15 ಸೆಂಟಿಮೀಟರ್ ಉದ್ದದ ಗಟ್ಟಿ ಪಟ್ಟಿಯಾಗಿ, ಹಿಮ್ಮಡಿಯ ಎಲುಬಿಗೆ ಬಂದು ಅಂಟುತ್ತವೆ. ನಮ್ಮ ಮೈಯಲ್ಲಿ ಇದಕ್ಕಿಂತ ದಪ್ಪನೆಯ, ಬಲವಾದ ರಜ್ಜು ಇನ್ನೊಂದಿಲ್ಲ. ಓಡುವಾಗ ಇದರ ಮೇಲೆ ಬೀಳುವ ಎಳೆತ ನಮ್ಮ ತೂಕದ 6ರಿಂದ 8 ಪಟ್ಟು. ಇಷ್ಟು ದುಡಿಯುವ ಅಂಗಕ್ಕೆ ರಕ್ತದ ಪೂರೈಕೆ ಮಾತ್ರ ಕಡಿಮೆ, ಅದರಲ್ಲೂ ಎಲುಬಿಗೆ ಅಂಟುವ ಜಾಗದಿಂದ ಮೇಲಕ್ಕೆ 2ರಿಂದ 6 ಸೆಂಟಿಮೀಟರಿನ ನಡುವೆ. ನೋವು ಹೆಚ್ಚಾಗಿ ಕೂರುವುದೂ ಅಲ್ಲೇ.

ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನ್ನನ್ನು ಬಹಳ ದಿನ ಕಾಡಿತು. 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಹೆಚ್ಚಿತ್ತಲ್ಲ, ಅದು ಊಟದ ಮೂಲಕ ಆ ಕಾಲದ ಎಲ್ಲರ ಮೈ ಸೇರಿತ್ತು. ಬೇರೆ ಬೇರೆ ವರ್ಷಗಳಲ್ಲಿ ಹುಟ್ಟಿದವರ ರಜ್ಜುವಿನಲ್ಲಿ ಅದರ ಪ್ರಮಾಣ ಎಷ್ಟಿದೆ ಎಂದು ಅಳೆದು ನೋಡಿದಾಗ ಗೊತ್ತಾದದ್ದು ಇದು: ಈ ರಜ್ಜುವಿನ ತಿರುಳು ನಾವು ಎತ್ತರ ಬೆಳೆಯುವ ಮೊದಲ 17 ವರ್ಷಗಳಲ್ಲಿ ಕಟ್ಟಿಕೊಳ್ಳುತ್ತದೆ, ಆಮೇಲೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಅಂದರೆ ಐವತ್ತರ ವಯಸ್ಸಿನಲ್ಲಿ ನಾನು ಹೊಲ, ಪೇಟೆ, ದೇವಸ್ಥಾನ ಎಂದು ನಡೆದಾಡುತ್ತಿರುವುದು ಪ್ರೈಮರಿ, ಹೈಸ್ಕೂಲಿನ ದಿನಗಳಲ್ಲಿ ಗುಡ್ಡ ಹತ್ತಿ ತೋಡು ದಾಟಿ ಕಟ್ಟಿಕೊಂಡ ರಜ್ಜುವಿನ ಮೇಲೆ. ಚರ್ಮ, ರಕ್ತ ಹೊಸತಾಗುವ ವೇಗದಲ್ಲಿ ಇದು ಹೊಸತಾಗುವುದಿಲ್ಲ. ಹಾಗಾಗಿ ಸುಮ್ಮನೆ ಕೂತು ಕಾದರೆ ಸಾಲದು. ಕೆಲಸವಿಲ್ಲದ ರಜ್ಜು ಮತ್ತಷ್ಟು ದುರ್ಬಲವಾಗುತ್ತದೆ, ಎದ್ದು ಹಳೆಯ ವೇಗಕ್ಕೆ ಹೋದ ದಿನವೇ ಸೋಲುತ್ತದೆ.

ಹಾಗಾದರೆ ದಾರಿ ಏನು? ಅದನ್ನು ತೋರಿಸಿದವರಲ್ಲಿ ಸ್ವೀಡನ್ನಿನ ಉಮಿಯೊ ನಗರದ ಮೂಳೆತಜ್ಞ ಹಾಕನ್ ಆಲ್ಫ್ರೆಡ್‌ಸನ್ ಮುಖ್ಯರು. ಸ್ವತಃ ಓಟಗಾರರಾಗಿದ್ದ ಅವರಿಗೂ ಇದೇ ನೋವು. ಶಸ್ತ್ರಚಿಕಿತ್ಸೆ ಮಾಡಿ ಎಂದು ಮೇಲಿನ ವೈದ್ಯರನ್ನು ಕೇಳಿದರೆ ಅವರು ಒಪ್ಪಲಿಲ್ಲ. ರಜ್ಜು ತುಂಡಾದರೆ ಆಗ ಮಾಡಲೇಬೇಕಲ್ಲ ಎಂದುಕೊಂಡು, ನೋವಿದ್ದ ಕಾಲಿನ ಮೇಲೆ ಭಾರ ಹಾಕಿ ಹಿಮ್ಮಡಿಯನ್ನು ಇಳಿಸುವ ವ್ಯಾಯಾಮವನ್ನು ಆ ಮನುಷ್ಯ ಹಟ ಹಿಡಿದು ಮಾಡಿದರು. ರಜ್ಜು ತುಂಡಾಗಲಿಲ್ಲ, ನೋವು ಬಿಟ್ಟಿತು. 1998ರಲ್ಲಿ ಅವರು ತಮ್ಮ ಸಂಗಡಿಗರೊಂದಿಗೆ ಪ್ರಕಟಿಸಿದ ಪ್ರಬಂಧದಲ್ಲಿ ಬಹುಕಾಲದಿಂದ ನೋವು ಅನುಭವಿಸುತ್ತಿದ್ದ 15 ಹವ್ಯಾಸಿ ಓಟಗಾರರು ಇದ್ದರು. 12 ವಾರ ಈ ವ್ಯಾಯಾಮ ಮಾಡಿ ಹದಿನೈದೂ ಮಂದಿ ಮತ್ತೆ ಓಡಿದರು. ಅದಕ್ಕೂ ಮುಂಚೆ ಕೆನಡಾದ ಸ್ಟಾನಿಶ್ ಮತ್ತು ಕರ್ವಿನ್ ಇದೇ ದಿಕ್ಕಿನಲ್ಲಿ ಕೆಲಸ ಮಾಡಿದ್ದರು. ನೋವಿರುವ ಕಾಲಿಗೆ ಕೆಲಸವೇ ಮದ್ದು ಎಂಬ ಮಾತು ಜಗತ್ತಿನ ಕ್ರೀಡಾವೈದ್ಯಕೀಯದಲ್ಲಿ ಗಟ್ಟಿಯಾಗಿ ನಿಂತದ್ದು ಆಲ್ಫ್ರೆಡ್‌ಸನ್ ಅವರ ಆ ಪ್ರಬಂಧದ ನಂತರ.

ನನಗೆ ಆ ವ್ಯಾಯಾಮವನ್ನು ಕಲಿಸಿದ್ದು ಮೂಡುಬಿದಿರೆಯ ಒಬ್ಬರು ಫಿಸಿಯೋಥೆರಪಿಸ್ಟ್. ಓಟಗಾರರ ಊರದು. ಅಲ್ಲಿನ ಸ್ವರಾಜ್ಯ ಮೈದಾನದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳು ನಡೆದಿವೆ, ಆಳ್ವಾಸ್ ವಿದ್ಯಾಸಂಸ್ಥೆಯ ಮಕ್ಕಳು ದಿನ ಬೆಳಗಾದರೆ ಅಲ್ಲಿ ಓಡುತ್ತಿರುತ್ತಾರೆ. ಹಾಗಾಗಿ ಹಿಮ್ಮಡಿ ನೋವು ಆ ಫಿಸಿಯೋಥೆರಪಿಸ್ಟರಿಗೆ ದಿನದ ಮಾತು. ಯಂತ್ರ ಹಚ್ಚುತ್ತಾರೆ, ಶಾಖ ಕೊಡುತ್ತಾರೆ ಎಂದು ನಾನು ಕಾದಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮನೆಯಲ್ಲಿ ಜಗಲಿಗೆ ಮೆಟ್ಟಿಲು ಉಂಟಾ?’

ಉಂಟು. ನಮ್ಮ ಮನೆಗಳಲ್ಲಿ ಅದಕ್ಕೇನು ಕೊರತೆ? ಮುರಕಲ್ಲಿನ ಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಮರದ ಕಂಬ. ಬರಿಗಾಲಿನ ಮುಂಪಾದವನ್ನು ಮೆಟ್ಟಿಲಿನ ಅಂಚಿಗೆ ಇಡಬೇಕು, ಹಿಮ್ಮಡಿ ಗಾಳಿಯಲ್ಲಿರಬೇಕು. ಎರಡೂ ಕಾಲಿನ ಬಲದಲ್ಲಿ ತುದಿಗಾಲಿಗೆ ಏರಬೇಕು. ಏರಿದ ಮೇಲೆ ಒಳ್ಳೆಯ ಕಾಲನ್ನು ಎತ್ತಿ, ಪೂರ್ತಿ ಭಾರವನ್ನು ನೋವಿನ ಕಾಲಿಗೆ ಕೊಟ್ಟು, ಹಿಮ್ಮಡಿಯನ್ನು ನಿಧಾನವಾಗಿ, ಬಹಳ ನಿಧಾನವಾಗಿ, ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಬೇಕು. ಮೇಲೇರಲು ಮತ್ತೆ ಒಳ್ಳೆಯ ಕಾಲಿನ ಸಹಾಯ. ಹೀಗೆ 15 ಸಲ ಆದರೆ ಒಂದು ಸುತ್ತು. ಮೊಣಕಾಲು ನೇರ ಇಟ್ಟು ಮೂರು ಸುತ್ತು, ಮೊಣಕಾಲು ಸ್ವಲ್ಪ ಬಗ್ಗಿಸಿ ಮೂರು ಸುತ್ತು. ನೇರ ಇಟ್ಟಾಗ ಮೀನಖಂಡದ ಮೇಲಿನ ಸ್ನಾಯುವಿಗೂ, ಬಗ್ಗಿಸಿದಾಗ ಅದರಡಿಯ ಚಪ್ಪಟೆ ಸ್ನಾಯುವಿಗೂ ಹೆಚ್ಚು ಕೆಲಸ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಲೆಕ್ಕ ಹಾಕಿದರೆ ದಿನಕ್ಕೆ 180. ಸಲೀಸಾಗಿ ಬರತೊಡಗಿದ ಮೇಲೆ ಬೆನ್ನಿಗೊಂದು ಚೀಲ, ಅದರಲ್ಲಿ ಅಕ್ಕಿ. ವಾರ ಕಳೆದಂತೆ ಅಕ್ಕಿ ಹೆಚ್ಚುತ್ತಾ ಹೋಗಬೇಕು.

ಇಳಿಸುವಾಗಿನ ಆ ನಿಧಾನದಲ್ಲೇ ಎಲ್ಲ ಇದೆ. ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ, ರಜ್ಜು ದೀರ್ಘವಾದ ಒಂದು ಎಳೆತವನ್ನು ಉಣ್ಣುತ್ತದೆ. ಆ ಎಳೆತವನ್ನು ರಜ್ಜುವಿನ ಜೀವಕೋಶಗಳು ಗುರುತಿಸುತ್ತವೆ, ಕೊಲಾಜೆನ್ ಕಟ್ಟುವ ಕೆಲಸ ಚುರುಕಾಗುತ್ತದೆ. ಕೆಟ್ಟ ಭಾಗ ಪೂರ್ತಿ ಮೊದಲಿನಂತಾಗದೆ ಇರಬಹುದು. ಸುತ್ತಲಿನ ಒಳ್ಳೆಯ ಭಾಗ ಬಲಿತು ಭಾರ ಹೊರುತ್ತದೆ. ನೋವು ಹೋದ ಮೇಲೂ ಸ್ಕ್ಯಾನಿಂಗಿನಲ್ಲಿ ರಜ್ಜು ದಪ್ಪಗೆ ಕಾಣುವುದುಂಟು, ಅದಕ್ಕೆ ಹೆದರಬೇಕಾಗಿಲ್ಲ. ಭಾರಿ ಎಳೆತದ ನಂತರ ಮೊದಲ ಒಂದು ಒಂದೂವರೆ ದಿನ ಕಟ್ಟುವುದಕ್ಕಿಂತ ಕಳಚುವುದೇ ಜಾಸ್ತಿ. ಆದ್ದರಿಂದ ಹೆಚ್ಚು ತೂಕ ಹಾಕುವವರು ನಡುವೆ ದಿನ ಬಿಡಬೇಕು. 2015ರಲ್ಲಿ ಡೆನ್ಮಾರ್ಕಿನವರೇ ಹೋಲಿಸಿ ನೋಡಿದ್ದಾರೆ: ದಿನಕ್ಕೆರಡು ಸಲದ ಆಲ್ಫ್ರೆಡ್‌ಸನ್ ಕ್ರಮಕ್ಕೂ ವಾರಕ್ಕೆ ಮೂರೇ ಸಲ ಜಿಮ್ಮಿನಲ್ಲಿ ಭಾರ ಎತ್ತಿ ನಿಧಾನವಾಗಿ ಏರಿಳಿಯುವ ಕ್ರಮಕ್ಕೂ ಫಲ ಸಮನಾಗಿತ್ತು. ಹಾಗಾಗಿ ಯಾರಿಗೆ ಯಾವುದು ನಡೆಯುತ್ತದೋ ಅದು. ಮುಖ್ಯ ಬೇಕಾದದ್ದು ತಿಂಗಳುಗಟ್ಟಲೆ ಬಿಡದೆ ಮಾಡುವ ತಾಳ್ಮೆ.

‘ಮಾಡುವಾಗ ನೋಯುತ್ತದಲ್ಲ?’ ಎಂಬುದು ಎಲ್ಲರ ಮೊದಲ ಪ್ರಶ್ನೆ. ನೋಯುತ್ತದೆ. ಇದಕ್ಕೂ ಸ್ವೀಡನ್ನಿನ ಕಾರಿನ್ ಸಿಲ್ಬರ್‌ನಾಗೆಲ್ ಮತ್ತು ಅವರ ಸಂಗಡಿಗರು ಒಂದು ಅಳತೆ ಹಾಕಿಕೊಟ್ಟಿದ್ದಾರೆ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾಗದ್ದು. 5ರವರೆಗೆ ನೋವು ಬಂದರೂ ಮುಂದುವರಿಸಬಹುದು. ಮರುದಿನ ಬೆಳಿಗ್ಗೆ ಅದು ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು. 2007ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಈ ಅಳತೆಯೊಳಗೆ ಓಟ, ನೆಗೆತ ಮುಂದುವರಿಸಿದವರೂ ಅವನ್ನು ನಿಲ್ಲಿಸಿದವರೂ ವ್ಯಾಯಾಮದಿಂದ ಸಮನಾಗಿ ಸುಧಾರಿಸಿದರು. ಈ ಮಾತು ನಮ್ಮಲ್ಲಿ ದುಡಿದು ತಿನ್ನುವವರಿಗೆ ಎಷ್ಟು ದೊಡ್ಡದು ಎಂದು ಯೋಚಿಸಿ. ‘ಮೂರು ತಿಂಗಳು ಕೆಲಸ ಬಿಡು’ ಎಂಬ ಸಲಹೆ ಸಂಬಳದವರಿಗೆ ಸರಿ. ದಿನಗೂಲಿಯವನಿಗೆ ಅದು ಊಟ ಬಿಡು ಎಂದಂತೆ. ನೋವನ್ನು ಅಳೆಯುತ್ತಾ ಕೆಲಸವನ್ನೂ ಮಾಡು, ವ್ಯಾಯಾಮವನ್ನೂ ಮಾಡು ಎಂದು ಹೇಳಬಹುದಾದ ಚಿಕಿತ್ಸೆ ಇದು.

ನೋವು ಎಲ್ಲಿದೆ ಎಂಬುದನ್ನು ಮಾತ್ರ ಸರಿಯಾಗಿ ನೋಡಿಸಿಕೊಳ್ಳಬೇಕು. ರಜ್ಜುವಿನ ನಡುಭಾಗದಲ್ಲಿದ್ದರೆ ಮೆಟ್ಟಿಲಿಗಿಂತ ಕೆಳಗಿಳಿಸಬಹುದು. ಎಲುಬಿಗೆ ಅಂಟುವ ಜಾಗದಲ್ಲೇ ಇದ್ದರೆ ಕೆಳಗಿಳಿಸುವಂತಿಲ್ಲ. ಹಿಮ್ಮಡಿ ಕೆಳಕ್ಕೆ ಹೋದಷ್ಟೂ ರಜ್ಜು ಎಲುಬಿಗೆ ಒತ್ತಿಕೊಳ್ಳುತ್ತದೆ. ಅಂಥವರು ಸಮನೆಲದ ಮೇಲೆ ನಿಂತು ಏರಿಳಿದರೆ ಸಾಕು. ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂರುವುದನ್ನೂ ಕೆಲವು ಕಾಲ ಕಡಿಮೆ ಮಾಡಬೇಕು. ತೆಳ್ಳಗಿನ ಹವಾಯಿ ಚಪ್ಪಲಿಯ ಬದಲು ಹಿಮ್ಮಡಿ ತುಸು ಎತ್ತರವಿರುವ ಪಾದರಕ್ಷೆ ಆರಂಭದ ದಿನಗಳಲ್ಲಿ ಹಿತ.

ಇನ್ನು ನಮ್ಮ ಕಂಬಳದ ಮಾತಿಗೆ ಬರುತ್ತೇನೆ. 2020ರ ಫೆಬ್ರವರಿ 1ರಂದು ಐಕಳದ ಕರೆಯಲ್ಲಿ ಮೂಡುಬಿದಿರೆ ಸಮೀಪದ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಈ ಕಡೆ ತಿರುಗಿ ನೋಡಿತು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಟ್ರ್ಯಾಕಿನಲ್ಲಿ ಓಡಲು ಕರೆ ಬಂದಾಗ ಶ್ರೀನಿವಾಸ ಗೌಡರು ಹೇಳಿದ ಮಾತಿನ ಸಾರ ನನಗೆ ನೆನಪಿದೆ: ಕಂಬಳದಲ್ಲಿ ಹಿಮ್ಮಡಿಯ ಕೆಲಸ ಮುಖ್ಯ, ಟ್ರ್ಯಾಕಿನಲ್ಲಿ ಕಾಲ್ಬೆರಳಿನದು. ಕೆಸರನ್ನು ಬಲ್ಲವರ ಮಾತದು. ಕೆಸರಲ್ಲಿ ಹಿಮ್ಮಡಿ ಹೂಳುತ್ತದೆ, ರಜ್ಜು ಉದ್ದಕ್ಕೆ ಹಿಗ್ಗುತ್ತದೆ, ಹಿಗ್ಗಿದಲ್ಲಿಂದಲೇ ಮೈಯನ್ನು ಮುಂದಕ್ಕೆ ಚಿಮ್ಮಿಸಬೇಕು.

ಆದರೆ ಯಾವ ಯಜಮಾನರೂ ಮಳೆಗಾಲವಿಡೀ ಹಟ್ಟಿಯಲ್ಲಿ ನಿಂತ ಕೋಣವನ್ನು ನೇರವಾಗಿ ಹಗ್ಗ ಹಿರಿಯ ವಿಭಾಗದ ಓಟಕ್ಕೆ ಇಳಿಸುವುದಿಲ್ಲ. ಅದಕ್ಕೆ ಕುದಿ ಕಂಬಳ ಇದೆ. ಋತು ಶುರುವಾಗುವ ಮುಂಚೆ ಕೋಣಗಳನ್ನು ಕೆಸರಿಗಿಳಿಸಿ ಓಡಿಸಿ ಅಭ್ಯಾಸ ಮಾಡಿಸುತ್ತಾರೆ. ಬಹುಮಾನದ ಮಾತಿಲ್ಲ, ಕರೆಯ ಕೊನೆಯ ಮಂಜೊಟ್ಟಿ ಮುಟ್ಟುವ ಅವಸರವಿಲ್ಲ. ಹುರುಳಿ ಬೇಯಿಸಿ ಹಾಕುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಈಜಿಸುತ್ತಾರೆ. ಮೈ ಕಾಲು ಕೆಲಸಕ್ಕೆ ಒಗ್ಗಿದ ಮೇಲೆಯೇ ಸ್ಪರ್ಧೆ. ಫಿಸಿಯೋಥೆರಪಿಯ ಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದಿರುವ ತತ್ವ ನಮ್ಮ ಹಟ್ಟಿಯಲ್ಲೇ ಇದೆ: ಭಾರವನ್ನು ಹಂತಹಂತವಾಗಿ ಏರಿಸು, ಹಠಾತ್ತನೆ ಹೇರಬೇಡ. ರಜ್ಜುವಿಗೆ ಹೆಚ್ಚು ಕೆಲಸದಿಂದ ಆಗುವ ಹಾನಿಗಿಂತ ಒಮ್ಮೆಗೇ ಬಂದು ಬೀಳುವ ಕೆಲಸದಿಂದ ಆಗುವ ಹಾನಿ ಜಾಸ್ತಿ. ಕೋಣದ ವಿಷಯದಲ್ಲಿ ಇಷ್ಟು ಚೆನ್ನಾಗಿ ತಿಳಿದಿರುವ ನಾವು ಮನುಷ್ಯರ ಕಾಲಿನ ವಿಷಯದಲ್ಲಿ ಅದನ್ನು ಬಳಸಬೇಕು ಎಂಬುದೇ ನಾನು ಹೇಳಬೇಕೆಂದಿರುವ ಮಾತು.

ಯಕ್ಷಗಾನದ ಕಲಾವಿದರನ್ನೇ ನೋಡಿ. ಪತ್ತನಾಜೆಗೆ, ಅಂದರೆ ಮೇ 24ರ ಆಸುಪಾಸಿಗೆ, ಗೆಜ್ಜೆ ಬಿಚ್ಚುತ್ತಾರೆ. ಮಳೆಗಾಲದಲ್ಲಿ ಹೆಚ್ಚಿನವರಿಗೆ ಕುಣಿತ ಕಡಿಮೆ. ತೋಟದ ಕೆಲಸ, ಅಲ್ಲೊಂದು ಇಲ್ಲೊಂದು ಆಟ, ತಾಳಮದ್ದಳೆ. ನವೆಂಬರಿನಲ್ಲಿ ಮತ್ತೆ ಗೆಜ್ಜೆ. ತೆಂಕುತಿಟ್ಟಿನ ಪುಂಡುವೇಷದ ಹುಡುಗರು ಧೀಂಗಿಣ ಹಾರುವುದನ್ನು ಹತ್ತಿರದಿಂದ ಕಂಡವರಿಗೆ ಗೊತ್ತು. ಚೆಂಡೆ ಏರಿದಂತೆ ಸಭೆ ಲೆಕ್ಕ ಮಾಡುತ್ತದೆ, ಅಭಿಮನ್ಯುವೋ ಬಬ್ರುವಾಹನನೋ ಗಾಳಿಯಲ್ಲಿ ತಿರುಗುತ್ತಾ ರಂಗಸ್ಥಳ ಸುತ್ತುತ್ತಾನೆ. ಬರಿಗಾಲು. ಪ್ರತಿ ಧೀಂಗಿಣಕ್ಕೂ ನೆಲದಿಂದ ಚಿಮ್ಮುವ ಎಳೆತ, ಮುಂಪಾದದ ಮೇಲೆ ಇಳಿಯುವ ಎಳೆತ. ಮೈಮೇಲೆ ವೇಷದ ಭಾರ. ಮರುದಿನ ಇನ್ನೊಂದು ಊರಲ್ಲಿ ಮತ್ತೆ ಅಷ್ಟೇ. ಚೌಕಿಯಲ್ಲಿ ಒಬ್ಬ ಯುವಕ ಬಣ್ಣ ಹಚ್ಚುವ ಮೊದಲು ಹಿಮ್ಮಡಿಗೆ ಬಿಗಿಯಾಗಿ ಬಟ್ಟೆ ಸುತ್ತುವುದನ್ನು ನೋಡಿದ್ದೇನೆ. ಮಾತಾಡಿಸಿದೆ. ಪ್ರತಿ ವರ್ಷ ತಿರುಗಾಟದ ಮೊದಲ ತಿಂಗಳು ಹೀಗೇ ಆಗುತ್ತದೆ ಎಂದ. ಆಗಸ್ಟಿನಿಂದ ಜಗಲಿಯ ಮೆಟ್ಟಿಲಲ್ಲಿ ಏರಿಳಿತ, ಸೆಪ್ಟೆಂಬರಿನಲ್ಲಿ ಭಾರ, ಅಕ್ಟೋಬರಿನಲ್ಲಿ ಸಣ್ಣ ಸಣ್ಣ ನೆಗೆತ, ಆಮೇಲೆ ಗೆಜ್ಜೆ: ಇಷ್ಟನ್ನು ಅವನಿಗೆ ಹೇಳಿ ಬಂದೆ.

ಅಡಿಕೆ ಮರ ಏರುವವರ ಕಥೆ ಇನ್ನೊಂದು ಬಗೆ. ಪಾದಗಳಿಗೆ ತಳೆ ಎಂಬ ಕುಣಿಕೆ ಸಿಕ್ಕಿಸಿ ಮರ ತಬ್ಬಿ ಏರುವಾಗ ಪಾದ ಮೇಲ್ಮುಖವಾಗಿ ಮಡಚಿರುತ್ತದೆ, ರಜ್ಜು ಹಿಗ್ಗಿಯೇ ಇರುತ್ತದೆ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಹೊತ್ತಿಗೆ ಎಲ್ಲ ತೋಟದವರಿಗೂ ಒಟ್ಟಿಗೇ ಜನ ಬೇಕು. ತಿಂಗಳುಗಟ್ಟಲೆ ಮರ ಮುಟ್ಟದಿದ್ದವನು ಆ ವಾರ ಬೆಳಗಿನಿಂದ ಸಂಜೆಯವರೆಗೆ ಮರದಲ್ಲೇ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿದ ಮರ ಏರುವ ಬೈಕು 2019ರಲ್ಲಿ ಸುದ್ದಿಯಾಯಿತು. ಈಗ ಉದ್ದನೆಯ ದೋಟಿಗಳೂ ಬಂದಿವೆ. ಕಾಲಿನ ಮೇಲಿನ ಭಾರ ಇಳಿಸುವ ಇಂಥ ಪ್ರತಿಯೊಂದು ಪ್ರಯತ್ನಕ್ಕೂ ನಾನು ಕೈಮುಗಿಯುತ್ತೇನೆ. ಆದರೂ ಮರ ಏರುವವರು ಇರುವಷ್ಟು ಕಾಲ ಅವರ ಕಾಲು ಗಟ್ಟಿಯಿರಬೇಕು.

ವರ್ಷವಿಡೀ ಕುಳಿತು ಬೀಡಿ ಕಟ್ಟುವ ಹೆಂಗಸರು ಹರಕೆ ಹೊತ್ತು ಒಂದು ದಿನ ದೇವಸ್ಥಾನಕ್ಕೆ ಇಡೀ ದಾರಿ ನಡೆಯುತ್ತಾರೆ. ಶಿವರಾತ್ರಿಗೆ ಘಟ್ಟದ ಮೇಲಿನವರು ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆದು ಬರುತ್ತಾರೆ. ರಜೆಯಲ್ಲಿ ಬಂದ ಹುಡುಗರು ಗಡಾಯಿಕಲ್ಲಿನ 1,876 ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಾರೆ. ಇವರಿಗೆಲ್ಲ ಬೇಡ ಎನ್ನುವುದಲ್ಲ, ಹೋಗಿ ಎಂದೇ ಹೇಳಬೇಕು. ಹೋಗುವ ಒಂದೆರಡು ತಿಂಗಳ ಮುಂಚೆ ಕಾಲಿಗೆ ಹೇಳಿಡಬೇಕು, ಅಷ್ಟೇ.

ಕೆಲವು ಎಚ್ಚರಿಕೆಗಳು ಇಲ್ಲದೆ ಈ ಬರಹ ಮುಗಿಸುವಂತಿಲ್ಲ. ಓಡುವಾಗಲೋ ನೆಗೆಯುವಾಗಲೋ ಹಿಂದಿನಿಂದ ಯಾರೋ ಒದ್ದ ಹಾಗಾಗಿ, ತುದಿಗಾಲಲ್ಲಿ ನಿಲ್ಲಲು ಆಗದೇ ಹೋದರೆ ರಜ್ಜು ತುಂಡಾಗಿರಬಹುದು. ಬೋರಲು ಮಲಗಿಸಿ ಮೀನಖಂಡ ಹಿಚುಕಿದಾಗ ಪಾದ ಅಲುಗದಿದ್ದರೆ ಅದೇ ಸೂಚನೆ. ಅಲ್ಲಿ ಎಣ್ಣೆಯೂ ಇಲ್ಲ ವ್ಯಾಯಾಮವೂ ಇಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಜಾತಿಯ ಆ್ಯಂಟಿಬಯೋಟಿಕ್ ತಿನ್ನುತ್ತಿರುವಾಗ ಹಿಮ್ಮಡಿ ನೋವು ಶುರುವಾದರೆ ವೈದ್ಯರಿಗೆ ತಕ್ಷಣ ತಿಳಿಸಬೇಕು. ಆ ಮದ್ದುಗಳಿಂದ ರಜ್ಜುವಿಗೆ ಅಪಾಯವುಂಟು, ಅರುವತ್ತು ದಾಟಿದವರಿಗೆ ಇನ್ನೂ ಹೆಚ್ಚು. ಮಧುಮೇಹ ಇರುವವರು ಸಕ್ಕರೆಯನ್ನು ಹತೋಟಿಯಲ್ಲಿ ಇಟ್ಟುಕೊಂಡೇ ವ್ಯಾಯಾಮಕ್ಕೆ ಇಳಿಯಬೇಕು. ನೋವು ತಕ್ಷಣ ಹೋಗಲಿ ಎಂದು ರಜ್ಜುವಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೇಳಬಾರದು. ನೋವು ಅಡಗಿದರೂ ರಜ್ಜು ತುಂಡಾಗುವ ಭಯ ಉಳಿಯುತ್ತದೆ.

ನನ್ನ ಕಾಲು ಸರಿಹೋಯಿತು. ಬೇಗ ಅಲ್ಲ, ಬಿಟ್ಟು ಬಿಡದೆ ಮಾಡಿದ್ದರಿಂದ. ನಡುವೆ ಒಂದು ವಾರ ಏರಿತು, ಮತ್ತೊಂದು ವಾರ ಇಳಿಯಿತು. ಈಗ ಕಾರಿಂಜದ ಬೆಟ್ಟ ಹತ್ತಿ ಈಶ್ವರನಿಗೆ ಕೈಮುಗಿದು ಇಳಿದು ಬಂದರೂ ಮರುದಿನದ ಮೊದಲ ಹೆಜ್ಜೆ ಹಗುರ. ಇದರಲ್ಲಿ ನನ್ನ ಖರ್ಚು ಒಂದೆರಡು ಭೇಟಿಯ ಫೀಸು ಮಾತ್ರ. ಮೆಟ್ಟಿಲು ಮನೆಯದು, ಅಕ್ಕಿಯೂ ಮನೆಯದು.

ಹೀಗಿರುವಾಗ ಈ ತಿಳಿವಳಿಕೆ ಕ್ರೀಡಾಪಟುಗಳಿಗೆ, ಫೀಸು ಕೊಡಬಲ್ಲವರಿಗೆ ಮಾತ್ರ ಸಿಕ್ಕರೆ ಸಾಲದು. ಮೇಳದವರು ತಿರುಗಾಟಕ್ಕೆ ಹೊರಡುವ ಮೂರು ತಿಂಗಳ ಮುಂಚೆ ಕಲಾವಿದರನ್ನು ಒಂದು ದಿನ ಸೇರಿಸಿ ಫಿಸಿಯೋಥೆರಪಿಸ್ಟ್ ಒಬ್ಬರಿಂದ ಕಲಿಸಲಿ. ಕಂಬಳ ಸಮಿತಿಯವರು ಓಟಗಾರರಿಗೆ ಕಲಿಸಲಿ. ಸಹಕಾರಿ ಸಂಘಗಳು ಮರ ಏರುವವರಿಗೆ, ಪಿ.ಟಿ. ಮೇಷ್ಟ್ರುಗಳು ಮಕ್ಕಳಿಗೆ, ಆಶಾ ಕಾರ್ಯಕರ್ತೆಯರು ಮನೆಮನೆಯ ಹೆಂಗಸರಿಗೆ ತುಳುವಿನಲ್ಲೋ ಕನ್ನಡದಲ್ಲೋ ತೋರಿಸಿಕೊಡಲಿ. ಹದಿನೇಳು ತುಂಬದ ಮಕ್ಕಳ ಕಾಲನ್ನು ಇನ್ನೂ ಹೆಚ್ಚು ಜತನದಿಂದ ನೋಡಬೇಕು, ಅವರು ಜೀವಮಾನಕ್ಕೆ ಬೇಕಾದ ರಜ್ಜುವನ್ನು ಕಟ್ಟಿಕೊಳ್ಳುತ್ತಿರುವುದು ಈಗಲೇ. ಪತ್ತನಾಜೆಯಿಂದ ದೀಪಾವಳಿಯವರೆಗೆ ಮಳೆ ನಮ್ಮನ್ನು ಹೇಗೂ ಜಗಲಿಯಲ್ಲಿ ನಿಲ್ಲಿಸುತ್ತದೆ. ಆ ಐದು ತಿಂಗಳು ಕಾಲನ್ನು ತಯಾರು ಮಾಡಿಕೊಳ್ಳಲು ಧಾರಾಳ ಸಾಕು.